ಹಳೇ ಟಿಐ-82ಗೆ ಎರಡು ವೇಗದ ಸ್ವಿಚ್: ಸೂಪರ್ ಮಾರ್ಕೆಟ್ ಗಲ್ಲಿಯ ರಿಪೇರಿ ಅಂಗಡಿ ಕೆಲಸ ಹೇಗಿದೆ?

ಕಲಬುರಗಿಯಲ್ಲಿ ಯಾರ ಮನೆಯಲ್ಲಾದರೂ ಹಳೇ ಗ್ರಾಫಿಂಗ್ ಕ್ಯಾಲ್ಕುಲೇಟರ್ (ಪರದೆ ಮೇಲೆ ಗ್ರಾಫ್ ಬರೆದು ತೋರಿಸುವಂಥದ್ದು) ಮೂಲೆಗೆ ಬಿದ್ದಿದ್ದರೆ ಈ ರಿವ್ಯೂ ಅವರಿಗೆ. ಸೂಪರ್ ಮಾರ್ಕೆಟ್‌ನಲ್ಲಿ ಮೊಬೈಲ್ ಅಂಗಡಿಗಳ ಸಾಲು ಇದೆಯಲ್ಲ, ಅದರ ಹಿಂದಿನ ಗಲ್ಲಿಯಲ್ಲಿ ಬೋರ್ಡೂ ಇಲ್ಲದ ಒಂದು ಸಣ್ಣ ಎಲೆಕ್ಟ್ರಾನಿಕ್ಸ್ ರಿಪೇರಿ ಅಂಗಡಿ ಇದೆ. ನನ್ನ ಟಿಐ-82 ಕ್ಯಾಲ್ಕುಲೇಟರ್‌ನಲ್ಲಿ ವೇಗ ನಿರ್ಧರಿಸುವ ಪುಟ್ಟ ಭಾಗವಾದ ಕೆಪಾಸಿಟರ್ ಬದಲಿಸಿ, ಒಂದು ಸ್ವಿಚ್ ಕೂರಿಸಿ, ಬೇಕಾದಾಗ ಮೊದಲಿನ ವೇಗ, ಬೇಕಾದಾಗ ಒಂದೂವರೆ ಪಟ್ಟು ವೇಗ ಬರುವ ಹಾಗೆ ಅಲ್ಲಿ ಮಾಡಿಸಿಕೊಂಡೆ. ಕೆಲಸ ತುಂಬಾ ಚೆನ್ನಾಗಿ ಆಗಿದೆ. ಐದಕ್ಕೆ ನಾಲ್ಕೂವರೆ ಸ್ಟಾರ್. ಅರ್ಧ ಯಾಕೆ ಕಡಿಮೆ ಅನ್ನೋದನ್ನು ಮುಂದೆ ಹೇಳುತ್ತೇನೆ.

ನಾನು ಡಿಗ್ರಿ ಕಾಲೇಜಿನಲ್ಲಿ ಗಣಿತ ಹೇಳುತ್ತೇನೆ. ಈ ಕ್ಯಾಲ್ಕುಲೇಟರ್ ನಮ್ಮ ಕಾಕಾನ ಮಗ ಅಮೆರಿಕದಲ್ಲಿ ಓದುವಾಗ ಇಟ್ಟುಕೊಂಡಿದ್ದು. ಕೆಲಸ ಸಿಕ್ಕ ಮೇಲೆ ಅವನಿಗೆ ಬೇಡವಾಯಿತು, ನನಗೆ ಬಂತು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇದನ್ನು ಮಾರುಕಟ್ಟೆಗೆ ತಂದದ್ದು 1993ರಲ್ಲಿ. ಒಳಗೆ ಇರುವುದು ಜೈಲಾಗ್ ಕಂಪನಿಯ ಝಡ್80 ಜಾತಿಯ ಪ್ರೊಸೆಸರ್, ವೇಗ 6 ಮೆಗಾಹರ್ಟ್ಸ್, ಅಂದರೆ ಸೆಕೆಂಡಿಗೆ 60 ಲಕ್ಷ ತಾಳ. ಬಳಸೋಕೆ ಸಿಗುವ ಮೆಮೊರಿ ಹೆಚ್ಚುಕಮ್ಮಿ 28 ಕಿಲೋಬೈಟ್. ಪರದೆ 96ಕ್ಕೆ 64 ಚುಕ್ಕಿ. ಝಡ್80 ಬಂದದ್ದು 1976ರಲ್ಲಿ. ಅದನ್ನು ಮಾಡಿದ ಫೆಡೆರಿಕೊ ಫ್ಯಾಜಿನ್ ಅದಕ್ಕೂ ಮುಂಚೆ ಇಂಟೆಲ್‌ನಲ್ಲಿ 4004 ಚಿಪ್ ಮಾಡಿದವರು. ಆ 4004 ಹುಟ್ಟಿದ್ದೇ ಜಪಾನಿನ ಬಿಸಿಕಾಮ್ ಅನ್ನೋ ಕಂಪನಿಯ ಕ್ಯಾಲ್ಕುಲೇಟರ್‌ಗಾಗಿ. ಮೈಕ್ರೊಪ್ರೊಸೆಸರ್ ಅನ್ನುವ ಸಾಮಾನೇ ಲೆಕ್ಕದ ಯಂತ್ರದಿಂದ ಬಂದದ್ದು ನೋಡಿ. ಇದು ನನಗೆ ಪ್ರತಿ ಸಲ ಖುಷಿ ಕೊಡುವ ವಿಷಯ. ಡಿಪ್ಲೊಮಾ, ಬಿಇ ಓದಿದವರು ಲ್ಯಾಬಿನಲ್ಲಿ 8085 ಅನ್ನೋ ಪ್ರೊಸೆಸರ್‌ನ ಕಿಟ್ ಮೇಲೆ ಹೆಕ್ಸ್ ಕೋಡ್ ಒತ್ತಿ ಒತ್ತಿ ಬೆರಳು ಸವೆಸಿಕೊಂಡಿರುತ್ತಾರೆ. ಅದರ ಹತ್ತಿರದ ಸಂಬಂಧಿಯೇ ಈ ಝಡ್80. ಎರಡಕ್ಕೂ ಮೂಲ ಇಂಟೆಲ್‌ನ 8080.

ಈಗ ತೊಂದರೆ ಏನು ಅಂದರೆ, ಇದು ನಿಧಾನ. ಸುಮ್ನೆ ಕೂಡೋದು, ಕಳೆಯೋದು, ಒಂದು ಪ್ಯಾರಬೋಲಾ ಬರೆಯೋದು ಇದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಗ್ರಾಫ್ ಬರೆಯುವಾಗ ಪರದೆಯ ಅಡ್ಡ 95 ಕಾಲಂಗಳಿಗೆ ಒಂದೊಂದಕ್ಕೂ ಎಕ್ಸ್ ಬೆಲೆ ಹಾಕಿ ವೈ ಲೆಕ್ಕ ಹಾಕಬೇಕು. ಪ್ರತಿ ಸಂಖ್ಯೆಯೂ 14 ಅಂಕಿಯದು, ಪ್ರೊಸೆಸರ್ ಮಾತ್ರ ಸಲಕ್ಕೆ 8 ಬಿಟ್ ಹಿಡಿಯುವಂಥದ್ದು. ಒಂದು ಸೈನ್ ಬೆಲೆ ಕಂಡುಹಿಡಿಯೋಕೇ ಸಾವಿರಾರು ಹೆಜ್ಜೆ. ಇನ್ನು ವೈ ಜಾಗದಲ್ಲಿ ಇಂಟಿಗ್ರಲ್ (ಗೆರೆಯ ಕೆಳಗಿನ ಜಾಗದ ಲೆಕ್ಕ) ಇಟ್ಟರಂತೂ ಕೇಳಬೇಡಿ. ಸೊನ್ನೆಯಿಂದ ಎಕ್ಸ್‌ವರೆಗೆ ಇ-ಪವರ್-ಮೈನಸ್-ಟಿ-ಸ್ಕ್ವೇರ್, ಬಿಎಸ್ಸಿ ಮಕ್ಕಳಿಗೆ ಎರರ್ ಫಂಕ್ಷನ್ ತೋರಿಸೋಕೆ ಹೇಳಿ ಮಾಡಿಸಿದ ಉದಾಹರಣೆ. ಅದನ್ನು ಕೊಟ್ಟರೆ 95 ಚುಕ್ಕಿಗೆ 95 ಇಂಟಿಗ್ರಲ್ ಮಾಡಬೇಕು. ಮೇಲ್ಗಡೆ ಬಲಮೂಲೆಯ ಸಣ್ಣ ಗೆರೆ ಓಡುತ್ತಲೇ ಇರುತ್ತದೆ, ಮಕ್ಕಳು ಕಿಟಕಿ ಕಡೆ ನೋಡೋಕೆ ಶುರು ಮಾಡುತ್ತಾರೆ. ನಾನು ಅಷ್ಟರಲ್ಲಿ ಬೋರ್ಡ್ ಮೇಲೆ ಕೈಯಿಂದಲೇ ಬರೆದು ಮುಗಿಸಿರುತ್ತೇನೆ.

ಇದಕ್ಕೆ ಔಷಧ ಹಳೇ ಕಾಲದಿಂದಲೂ ಇದೆ. ಈ ತಲೆಮಾರಿನ ಟಿಐ ಕ್ಯಾಲ್ಕುಲೇಟರ್‌ಗಳಲ್ಲಿ ಪ್ರೊಸೆಸರ್‌ಗೆ ತಾಳ ಹಾಕೋದು ಕೈಗಡಿಯಾರದಲ್ಲಿರುವಂಥ ಕ್ವಾರ್ಟ್ಜ್ ಕ್ರಿಸ್ಟಲ್ ಅಲ್ಲ, ಒಂದು ರೆಸಿಸ್ಟರ್ ಮತ್ತು ಒಂದು ಪುಟ್ಟ ಕೆಪಾಸಿಟರ್. ರೆಸಿಸ್ಟರ್ ದಾರಿಯಲ್ಲಿ ಕರೆಂಟ್ ಬಂದು ಕೆಪಾಸಿಟರ್ ತುಂಬುತ್ತದೆ, ಒಂದು ಮಟ್ಟಕ್ಕೆ ಬಂದ ಕೂಡಲೇ ಖಾಲಿಯಾಗುತ್ತದೆ, ಮತ್ತೆ ತುಂಬುತ್ತದೆ. ಒಂದು ಸಲ ತುಂಬಿ ಖಾಲಿಯಾದರೆ ಒಂದು ತಾಳ. ನಲ್ಲಿ ಅದೇ, ನೀರಿನ ಜೋರೂ ಅದೇ, ಕೊಡದ ಬದಲು ಚೆಂಬು ಇಟ್ಟರೆ ಬೇಗ ತುಂಬುತ್ತದೆ ಅಲ್ವಾ, ಅಷ್ಟೇ ವಿಷಯ. ಕೆಪಾಸಿಟರ್ ಸಣ್ಣದಾದಷ್ಟೂ ತಾಳ ಜೋರು. ಕ್ರಿಸ್ಟಲ್ ಇರುವ ಯಂತ್ರದಲ್ಲಿ ಈ ಆಟ ನಡೆಯುವುದಿಲ್ಲ. ಅಲ್ಲಿ ಕೆಪಾಸಿಟರ್ ಬದಲಿಸಿದರೆ ವೇಗ ಹತ್ತು ಲಕ್ಷದಲ್ಲಿ ಕೆಲವು ಪಾಲು ಆಚೀಚೆ ಆಗಬಹುದು, ಅಷ್ಟೇ.

ಇದನ್ನು ಮಾಡಿಕೊಡುವವರು ಊರಲ್ಲಿ ಯಾರಿದ್ದಾರೆ ಅಂತ ಹುಡುಕಿದೆ. ಒಂದು ಕಡೆ "ಇದೆಲ್ಲಾ ಈಗ ಯಾರ್ ಯೂಸ್ ಮಾಡ್ತಾರ್ರಿ, ಫೋನ್ ಅದಲ್ಲ" ಅಂದರು. ಇನ್ನೊಂದು ಕಡೆ ಕೆಪಾಸಿಟರ್ ಪೂರ್ತಿ ಕಿತ್ತುಬಿಡ್ತೀವಿ, ರಾಕೆಟ್ ಥರ ಓಡ್ತದ ಅಂದರು. ಅಲ್ಲಿಂದ ಸೀದಾ ಎದ್ದು ಬಂದೆ. ಪೂರ್ತಿ ಕಿತ್ತರೆ ಏನಾಗುತ್ತದೆ ಅನ್ನೋದಕ್ಕೆ ಲೆಕ್ಕ ಇದೆ. ಉದಾಹರಣೆಗೆ ಮೂಲ ಕೆಪಾಸಿಟರ್ 22 ಪೈಕೋಫ್ಯಾರಡ್ (ಕೆಪಾಸಿಟರ್ ಎಷ್ಟು ದೊಡ್ಡದು ಅನ್ನುವ ಅಳತೆ) ಅಂದುಕೊಳ್ಳಿ. ಬೋರ್ಡ್ ಮೇಲಿನ ತಾಮ್ರದ ದಾರಿ, ಚಿಪ್‌ನ ಕಾಲು, ಇವುಗಳಲ್ಲೂ ಒಂದಿಷ್ಟು ಕೆಪಾಸಿಟೆನ್ಸ್ ಇದ್ದೇ ಇರುತ್ತದೆ, ಅದು 8 ಅಂದುಕೊಳ್ಳಿ. ಒಟ್ಟು 30. ಕೆಪಾಸಿಟರ್ ಕಿತ್ತರೆ ಉಳಿಯೋದು 8. ಅಂದರೆ ಪೌಣೆನಾಲ್ಕು ಪಟ್ಟು ವೇಗ, 22 ಮೆಗಾಹರ್ಟ್ಸ್ ದಾಟುತ್ತದೆ. 6ಕ್ಕೆ ಅಂತ ಕೂರಿಸಿದ ಪ್ರೊಸೆಸರ್, ಅದಕ್ಕೆ ತಕ್ಕ ಮೆಮೊರಿ ಚಿಪ್, ಇವು 22ಕ್ಕೆ ಹೇಗೆ ತಾಳುತ್ತವೆ ಹೇಳಿ? ಆನ್ ಆಗುವುದೇ ಇಲ್ಲ, ಆದರೂ ನಡುವೆ ಸಿಕ್ಕಿ ನಿಲ್ಲುತ್ತದೆ.

ಈ ಗಲ್ಲಿಯ ಅಂಗಡಿಯವರನ್ನು ಎಲ್ಲರೂ ಉಸ್ತಾದ್ ಅಂತಲೇ ಕರೆಯುತ್ತಾರೆ. ವಯಸ್ಸಾದವರು. ಮೊದಲು ರೇಡಿಯೊ, ಆಮೇಲೆ ಟಿವಿ, ಈಗ ಇನ್ವರ್ಟರ್ ಬೋರ್ಡ್, ಎಲ್ಇಡಿ ಬಲ್ಬ್, ಹೀಗೆ ಕಾಲಕ್ಕೆ ತಕ್ಕ ಹಾಗೆ ಕೆಲಸ ಬದಲಿಸಿಕೊಂಡು ಬಂದಿದ್ದಾರೆ. ಕ್ಯಾಲ್ಕುಲೇಟರ್ ಕೈಗೆ ಕೊಟ್ಟ ಕೂಡಲೇ ಅವರು ಬಿಚ್ಚಲಿಲ್ಲ. ಮೊದಲು ಆನ್ ಮಾಡಿದರು. ಎಲ್ಲಾ ಕೀ ಒತ್ತಿ ನೋಡಿದರು. ಕಾಂಟ್ರಾಸ್ಟ್ ಹೇಗೆ ಹೆಚ್ಚಿಸೋದು ಅಂತ ನನ್ನನ್ನೇ ಕೇಳಿದರು. ಸೆಕೆಂಡ್ ಕೀ ಒತ್ತಿ ಮೇಲಿನ ಬಾಣ ಹಿಡಿದರೆ ಬಲಮೂಲೆಯಲ್ಲಿ 0ರಿಂದ 9ರವರೆಗೆ ಅಂಕಿ ಬರುತ್ತದೆ. 8, 9ಕ್ಕೆ ಇಟ್ಟರೂ ಪರದೆ ಮಂಕಾಗಿದ್ದರೆ ಸೆಲ್ ಮುಗಿದಿದೆ ಅಂತ ಅರ್ಥ. ಇದನ್ನು ಹೇಳಿದ್ದಕ್ಕೆ ಅವರು ಮೊದಲು ಹೊಸ ಸೆಲ್ ಹಾಕಿ ನೋಡಿದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ.

"ಮೇಡಂ, ಇದು ಎಷ್ಟ್ ಜೋರ್ ಓಡ್ಬೇಕ್ರಿ ನಿಮಗ?"

ಒಂದೂವರೆ ಪಟ್ಟು ಸಾಕು ಅಂದೆ. ಹಳೇ ವೇಗವೂ ಬೇಕು, ಸ್ವಿಚ್ ಹಾಕಿ ಅಂದೆ. ಆಗ ಮುಖ ಅರಳಿತು.

"ಹಂಗಾದ್ರ ಆಗ್ತದ್ರಿ. ಭಾಳ ಜೋರ್ ಬ್ಯಾಡ. ಸ್ಕ್ರೀನ್ ಸಾಥ್ ಕೊಡಂಗಿಲ್ಲ."

ಸ್ಕ್ರೀನ್ ವಿಷಯ ಅವರೇ ಎತ್ತಿದ್ದು ನನಗೆ ಭರವಸೆ ಕೊಟ್ಟಿತು. ಟಿಐ-82ರಲ್ಲಿ ಪರದೆಗೆ ಬೇರೆಯೇ ಕಂಟ್ರೋಲರ್ ಚಿಪ್ ಇದೆ. ಒಂದು ಆದೇಶ ಕೊಟ್ಟ ಮೇಲೆ ಇನ್ನೊಂದು ಕೊಡೋಕೆ ಸುಮಾರು 10 ಮೈಕ್ರೊಸೆಕೆಂಡ್ ಬಿಡಬೇಕು. ಪ್ರೊಸೆಸರ್ ಆ ಹೊತ್ತನ್ನು ಗಡಿಯಾರ ನೋಡಿ ಅಳೆಯುವುದಿಲ್ಲ, ತನ್ನ ತಾಳ ಎಣಿಸಿ ಅಳೆಯುತ್ತದೆ. 6 ಮೆಗಾಹರ್ಟ್ಸ್‌ನಲ್ಲಿ 60 ತಾಳ ಅಂದರೆ 10 ಮೈಕ್ರೊಸೆಕೆಂಡ್. 9 ಮೆಗಾಹರ್ಟ್ಸ್‌ನಲ್ಲಿ ಅದೇ 60 ತಾಳ 6.7 ಮೈಕ್ರೊಸೆಕೆಂಡಿಗೇ ಮುಗಿದುಹೋಗುತ್ತದೆ. ಸ್ವಲ್ಪ ಅವಕಾಶ ಇರುವುದರಿಂದ ಇಷ್ಟಕ್ಕೆ ನಡೆಯುತ್ತದೆ. ಇನ್ನೂ ಏರಿಸಿದರೆ ಲೆಕ್ಕ ಸರಿಯಾಗಿಯೇ ಇದ್ದರೂ ಪರದೆ ಮೇಲೆ ಅರ್ಧ ಅಕ್ಷರ, ಅಡ್ಡಗೆರೆ, ಕಸ ಕಾಣಿಸೋಕೆ ಶುರು. ವೇಗ ಹೆಚ್ಚಿಸುವ ಹುಮ್ಮಸ್ಸಿನವರು ಇದನ್ನು ಪ್ರೊಸೆಸರ್ ಸುಟ್ಟಿತು ಅಂದುಕೊಂಡು ಗಾಬರಿಯಾಗುತ್ತಾರೆ. ಸುಟ್ಟಿರುವುದಿಲ್ಲ, ಪರದೆ ಹಿಂದೆ ಬಿದ್ದಿರುತ್ತದೆ.

ಇನ್ನು ಕೆಲಸದ ವಿವರ. ನಾನು ಎದುರಿಗೇ ಸ್ಟೂಲ್ ಮೇಲೆ ಕೂತಿದ್ದೆ, ಬೇಡ ಅನ್ನಲಿಲ್ಲ. ಹಿಂದಿನ ಸ್ಕ್ರೂಗಳನ್ನು ಮೊಬೈಲ್ ಬಿಚ್ಚುವ ಸಣ್ಣ ಡ್ರೈವರ್‌ನಿಂದ ತೆಗೆದು, ಯಾವುದು ಎಲ್ಲಿಯದು ಅಂತ ಒಂದು ಕಾಗದದ ಮೇಲೆ ಅದೇ ಆಕಾರದಲ್ಲಿ ಜೋಡಿಸಿಟ್ಟರು. ಸೆಲ್ ತೆಗೆಯುವ ಮುಂಚೆ "ಒಳಗ ಏನಾರ ಇಟ್ಟೀರೇನ್ರಿ?" ಅಂತ ಕೇಳಿದರು. ಇದು ಮುಖ್ಯ. ಟಿಐ-82ರಲ್ಲಿ ಬರೆದಿಟ್ಟ ಪ್ರೋಗ್ರಾಂ ಎಲ್ಲಾ ಇರೋದು ರ್‍ಯಾಮ್‌ನಲ್ಲಿ. ನಾಲ್ಕು ಎಎಎ ಸೆಲ್ ಜೊತೆಗೆ ನಾಣ್ಯದ ಆಕಾರದ ಒಂದು ಲಿಥಿಯಂ ಸೆಲ್ ಅದನ್ನು ಕಾಪಾಡುತ್ತದೆ. ಎರಡೂ ತೆಗೆದರೆ ಎಲ್ಲಾ ಅಳಿಸಿಹೋಗುತ್ತದೆ. ನಾನು ಪ್ರೋಗ್ರಾಂಗಳನ್ನು ನೋಟ್‌ಬುಕ್‌ನಲ್ಲಿ ಬರೆದಿಟ್ಟುಕೊಂಡೇ ಹೋಗಿದ್ದೆ, ನೀವೂ ಹಾಗೇ ಮಾಡಿ. ಡಿಸ್‌ಪ್ಲೇಗೆ ಹೋಗುವ ರಿಬ್ಬನ್ ಕೇಬಲ್ ಮೇಲೆ ಒಂದು ದಪ್ಪ ಕಾಗದ ಮುಚ್ಚಿ ಟೇಪ್ ಹಚ್ಚಿದರು. ಅದನ್ನು ಒಮ್ಮೆ ಎಳೆದರೆ ಅಥವಾ ಬಿಸಿ ತಾಗಿದರೆ ಪರದೆಯಲ್ಲಿ ಗೆರೆಗಳು ಮಾಯವಾಗುತ್ತವೆ, ಹಳೇ ಟಿಐಗಳ ದೊಡ್ಡ ಕಾಯಿಲೆಯೇ ಅದು.

ಕೆಪಾಸಿಟರ್ ಆರಿಸಿದ ರೀತಿ ನನಗೆ ಅತಿ ಹೆಚ್ಚು ಇಷ್ಟವಾಯಿತು. ಅಂಗಡಿಯಲ್ಲಿ ಸಾಲಾಗಿ ಪ್ಲಾಸ್ಟಿಕ್ ಡಬ್ಬಿ. ಒಂದರಿಂದ ಕಡಲೆಕಾಳಿಗಿಂತ ಚಿಕ್ಕದಾದ ಕೆಲವು ಡಿಸ್ಕ್ ಕೆಪಾಸಿಟರ್ ತೆಗೆದು ಅಂಗೈ ಮೇಲೆ ಹರವಿ, ಕನ್ನಡಕ ಹಣೆಗೇರಿಸಿ, ಬೆಳಕಿಗೆ ಹಿಡಿದು ನೋಡಿದರು. ತಲೆಯ ಮೇಲೆ ಕಪ್ಪು ಬಣ್ಣದ ಟೊಪ್ಪಿ ಇರುವವನ್ನು ಮಾತ್ರ ಒಂದು ಕಡೆ ಸರಿಸಿದರು. ಆ ಕಪ್ಪು ಗುರುತು ಎನ್‌ಪಿ-ಸೊನ್ನೆ ಅನ್ನುವ ಜಾತಿಗೆ. ಅದರ ಬೆಲೆ ಬಿಸಿಲಿಗೆ, ಚಳಿಗೆ ಬದಲಾಗುವುದೇ ಇಲ್ಲ ಅಂದರೂ ನಡೆಯುತ್ತದೆ. ಒಂದು ಡಿಗ್ರಿಗೆ ಹತ್ತು ಲಕ್ಷದಲ್ಲಿ 30 ಪಾಲಿನೊಳಗೆ. ಅಗ್ಗದ ವೈ5ವಿ ಜಾತಿಯದು ಬಿಸಿ ಏರಿದರೆ ಶೇಕಡಾ 82ರವರೆಗೂ ಕುಸಿಯಬಹುದು. ನಮ್ಮ ಊರಿನಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ 42, 43 ಡಿಗ್ರಿ ಇರುತ್ತದೆ. ಮಧ್ಯಾಹ್ನ ಸ್ಕೂಟಿ ಡಿಕ್ಕಿಯಲ್ಲಿ ಬ್ಯಾಗ್ ಇಟ್ಟರೆ ಇನ್ನೂ ಜಾಸ್ತಿ. ತಾಳ ಹಾಕುವ ಕೆಪಾಸಿಟರ್ ಬಿಸಿಲಿಗೆ ಕುಸಿದರೆ ವೇಗ ತಾನಾಗೇ ಏರುತ್ತದೆ, ಕ್ಲಾಸ್ ನಡುವೆ ಯಂತ್ರ ಕೈಕೊಡುತ್ತದೆ. ಕಲಬುರಗಿಯಲ್ಲಿ ಈ ಕೆಲಸ ಮಾಡಿಸುವವರು ಬೇರೆ ಏನನ್ನು ಬಿಟ್ಟರೂ ಇದನ್ನು ಬಿಡಬಾರದು: ಎನ್‌ಪಿ-ಸೊನ್ನೆ ಇದೆಯಾ ಅಂತ ಕೇಳಿಯೇ ಹಾಕಿಸಿ.

ಇನ್ನೊಂದು ಸಣ್ಣ ವಿಷಯ. ಕೆಪಾಸಿಟರ್ ಮೇಲೆ 220 ಅಂತ ಅಚ್ಚು ಇದ್ದರೆ ಅದು 220 ಪೈಕೋಫ್ಯಾರಡ್ ಅಲ್ಲ, 22. ಕೊನೆಯ ಅಂಕಿ ಎಷ್ಟು ಸೊನ್ನೆ ಸೇರಿಸಬೇಕು ಅನ್ನೋದನ್ನು ಹೇಳುತ್ತದೆ. 221 ಅಂದರೆ 220. ಅಂಗಡಿಗೆ ಹೋಗಿ ಸ್ವತಃ ಕೊಳ್ಳುವವರು ಇದನ್ನು ನೆನಪಿಡಿ. ಹತ್ತು ಪಟ್ಟು ದೊಡ್ಡದು ಹಾಕಿದರೆ ಹಾಳಾಗೋದು ಏನೂ ಇಲ್ಲ, ಆದರೆ ಕ್ಯಾಲ್ಕುಲೇಟರ್ ತೆವಳುತ್ತದೆ.

ಜೋಡಿಸಿದ ರೀತಿ ಹೀಗೆ. ಮೂಲ ಕೆಪಾಸಿಟರ್ ತೆಗೆದು ಆ ಜಾಗದಲ್ಲಿ 12 ಪೈಕೋಫ್ಯಾರಡ್‌ನದನ್ನು ಕಾಯಂ ಬೆಸೆದರು. ಅದರ ಜೊತೆ ಸಮಾನಾಂತರವಾಗಿ 10 ಪೈಕೋಫ್ಯಾರಡ್‌ನ ಇನ್ನೊಂದು, ಆದರೆ ಅದಕ್ಕೆ ನಡುವೆ ಸ್ವಿಚ್. ಸಮಾನಾಂತರ ಇಟ್ಟರೆ ಕೆಪಾಸಿಟರ್ ಕೂಡುತ್ತವೆ. ಹಾಗಾಗಿ ಸ್ವಿಚ್ ಹಾಕಿದಾಗ 12ಕ್ಕೆ 10 ಸೇರಿ 22, ಹಳೇ ವೇಗ. ಸ್ವಿಚ್ ತೆಗೆದಾಗ ಬರೀ 12. ಆಗಲೇ ಹೇಳಿದ 8 ಸೇರಿಸಿ ನೋಡಿ, 30 ಇದ್ದದ್ದು 20 ಆಯಿತು, ಸರಿಯಾಗಿ ಒಂದೂವರೆ ಪಟ್ಟು. ಎರಡು ಕೆಪಾಸಿಟರ್ ಇಟ್ಟು ಸ್ವಿಚ್‌ನಿಂದ ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋಗುವ ಹಾಗೂ ಮಾಡಬಹುದು, ಕೆಲವರು ಮಾಡುತ್ತಾರೆ. ಅದು ನನಗೆ ಸರಿ ಕಾಣುವುದಿಲ್ಲ. ಸ್ವಿಚ್ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯುವ ಆ ಕ್ಷಣ ಯಾವ ಕೆಪಾಸಿಟರೂ ಇರುವುದಿಲ್ಲ, ತಾಳ ಎಲ್ಲಿಗೋ ಹಾರುತ್ತದೆ, ಪ್ರೋಗ್ರಾಂ ನಡುವೆ ಬಿದ್ದುಹೋಗುತ್ತದೆ. ಉಸ್ತಾದ್ ಮಾಡಿದ ಹಾಗೆ ಒಂದು ಕಾಯಂ ಇದ್ದರೆ ಆ ಭಯ ಇಲ್ಲ. ಆದರೂ ಲೆಕ್ಕ ಓಡುತ್ತಿರುವಾಗ ಸ್ವಿಚ್ ಮುಟ್ಟದಿರುವುದೇ ಒಳ್ಳೆಯದು, ನಾನು ಆಫ್ ಮಾಡಿಯೇ ಬದಲಿಸುತ್ತೇನೆ.

ವೈರ್ ಎಷ್ಟು ಉದ್ದ ಇರಬೇಕು ಅನ್ನುವಲ್ಲಿ ನಿಜವಾದ ಕೈಚಳಕ ಇದೆ. ಪೈಕೋಫ್ಯಾರಡ್ ಲೆಕ್ಕದಲ್ಲಿ ಎರಡು ವೈರ್ ಪಕ್ಕಪಕ್ಕ ಓಡಿದರೇ ಸಾಕು, ಅವೇ ಒಂದು ಕೆಪಾಸಿಟರ್ ಆಗುತ್ತವೆ. ಗೇಣುದ್ದ ವೈರ್ ಎಳೆದು ಎಲ್ಲೋ ಕೆಳಗೆ ಸ್ವಿಚ್ ಇಟ್ಟರೆ ಹಾಕಿದ 12ರ ಜೊತೆ ವೈರಿನದೇ ಕೆಲವು ಪೈಕೋಫ್ಯಾರಡ್ ಸೇರಿ, ಬಂದ ವೇಗವೆಲ್ಲ ವಾಪಸ್ ಹೋಗುತ್ತದೆ. ಉಸ್ತಾದ್ ಬೋರ್ಡ್ ಅನ್ನು ತಿರುಗಿಸಿ ತಿರುಗಿಸಿ ನೋಡಿ, ಕೆಪಾಸಿಟರ್‌ಗೆ ಹತ್ತಿರದ ಅಂಚು ಯಾವುದು ಅಂತ ಹುಡುಕಿ, ಅಲ್ಲೇ ಸ್ವಿಚ್ ಕೂರಿಸಿದರು. ವೈರ್ ಎರಡು ಬೆರಳಿನ ಅಗಲವೂ ಇಲ್ಲ. ಮತ್ತೆ ಈ ಕ್ಯಾಲ್ಕುಲೇಟರ್‌ಗೆ ಜಾರಿಸಿ ಹಾಕುವ ಗಟ್ಟಿ ಮುಚ್ಚಳ ಇದೆ, ಸ್ವಿಚ್ ಹೊರಗೆ ಚಾಚಿದರೆ ಮುಚ್ಚಳ ಸಿಕ್ಕಿಕೊಳ್ಳುತ್ತದೆ. ಅದಕ್ಕೇ ಸ್ವಿಚ್‌ನ ಗುಬ್ಬಿ ಪ್ಲಾಸ್ಟಿಕ್‌ನ ಮಟ್ಟಕ್ಕಿಂತ ಸ್ವಲ್ಪ ಒಳಗೇ ಇರುವ ಹಾಗೆ ಕೂರಿಸಿದ್ದಾರೆ. ಪೆನ್ನಿನ ತುದಿಯಿಂದ ಸರಿಸಬೇಕು. ಬ್ಯಾಗಿನಲ್ಲಿ ತಾನಾಗೇ ಸರಿಯುವ ಚಿಂತೆಯೂ ಇಲ್ಲ. ಇದು ನಾನು ಹೇಳಿದ್ದಲ್ಲ, ಅವರೇ ಮುಚ್ಚಳ ಹಾಕಿ ತೆಗೆದು ನೋಡಿ ಮಾಡಿದ್ದು.

ವೇಗ ಎಷ್ಟಾಯಿತು ಅಂತ ನೋಡೋಕೆ ಮೀಟರ್ ಹಚ್ಚಲಿಲ್ಲ. ಅದೂ ಸರಿಯೇ. ಕರೆಂಟಿನ ಅಲೆ ತೋರಿಸುವ ಯಂತ್ರವಾದ ಆಸಿಲೋಸ್ಕೋಪ್‌ನ ಪ್ರೋಬ್ (ಮುಟ್ಟಿಸುವ ಕಡ್ಡಿ) ಆ ಜಾಗಕ್ಕೆ ಮುಟ್ಟಿಸಿದರೆ ಪ್ರೋಬ್‌ನದೇ ಹತ್ತಾರು ಪೈಕೋಫ್ಯಾರಡ್ ಸೇರಿಕೊಂಡು ತಾಳವೇ ಬದಲಾಗುತ್ತದೆ, ಅಳೆಯೋಕೆ ಹೋದದ್ದೇ ಕೈಗೆ ಸಿಗುವುದಿಲ್ಲ. ಅದಕ್ಕೆ ಸುಲಭ ದಾರಿ ಇದೆ. ಒಂದರಿಂದ ಕೆಲವು ಸಾವಿರದವರೆಗೆ ಸುಮ್ನೆ ಎಣಿಸುವ ಎರಡು ಸಾಲಿನ ಫಾರ್ ಲೂಪ್ ಬರೆದು, ಫೋನಿನ ಸ್ಟಾಪ್‌ವಾಚ್ ಹಿಡಿದು ಎರಡೂ ವೇಗದಲ್ಲಿ ಓಡಿಸಿ. ನನ್ನದರಲ್ಲಿ ಮೊದಲು ಹಿಡಿಯುತ್ತಿದ್ದ ಹೊತ್ತಿನ ಮೂರರಲ್ಲಿ ಎರಡು ಪಾಲಿಗೆ ಮುಗಿಯುತ್ತದೆ. ಅಂದುಕೊಂಡ ಒಂದೂವರೆ ಪಟ್ಟು ಬಂದಿದೆ. ಸ್ವಿಚ್ ಹಾಕಿದಾಗ ಹಳೇ ವೇಗ ಹಳೇ ಹಾಗೇ ಇದೆ.

ಬಳಸೋಕೆ ಹೇಗಿದೆ? ಎರರ್ ಫಂಕ್ಷನ್ ಗ್ರಾಫ್ ಈಗ ಕ್ಲಾಸಿಗೆ ತರಬಹುದಾದ ಸಾಮಾನು ಆಗಿದೆ. ಈಗಲೂ ತಕ್ಷಣ ಬರುವುದಿಲ್ಲ, ಕಾಯಬೇಕು, ಆದರೆ ಮಕ್ಕಳ ಗಮನ ಹೋಗುವ ಮುಂಚೆ ಗೆರೆ ಅರ್ಧ ದಾಟಿರುತ್ತದೆ. ನ್ಯೂಟನ್-ರಾಫ್ಸನ್, ರುಂಗೆ-ಕುಟ್ಟಾ ಥರದ ಹೆಜ್ಜೆ ಹೆಜ್ಜೆಯ ಪ್ರೋಗ್ರಾಂಗಳಲ್ಲಿ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ.

ಆದರೆ ನಾನು ಸ್ವಿಚ್ ಯಾಕೆ ಹಟ ಹಿಡಿದು ಹಾಕಿಸಿದೆ ಅನ್ನೋದನ್ನು ಹೇಳಲೇಬೇಕು. ನಿಧಾನ ವೇಗ ಪಾಠಕ್ಕೆ ಬೇಕು. ಕೋನ (ಥೀಟಾ) ಮತ್ತು ಮಧ್ಯದಿಂದ ದೂರ (ಆರ್) ಹಿಡಿದು ಗ್ರಾಫ್ ಬರೆಯುವ ಪೋಲಾರ್ ಮೋಡ್‌ಗೆ ಹೋಗಿ ಆರ್ ಈಕ್ವಲ್ಸ್ 4 ಸೈನ್ 3 ಥೀಟಾ ಕೊಡಿ. ಮೂರು ಎಸಳಿನ ಹೂವು ಬರುತ್ತದೆ. ಪುಸ್ತಕದಲ್ಲೂ ಆ ಹೂವು ಇದೆ, ಫೋನಿನಲ್ಲೂ ಇದೆ, ಎರಡರಲ್ಲೂ ಅದು ಮೊದಲೇ ಆಗಿ ಮುಗಿದಿರುತ್ತದೆ. ಈ ಕ್ಯಾಲ್ಕುಲೇಟರ್‌ನಲ್ಲಿ ಗೆರೆ ಮಧ್ಯದಿಂದ ಹೊರಟು, ಒಂದು ಎಸಳು ಸುತ್ತಿ ಮತ್ತೆ ಮಧ್ಯಕ್ಕೆ ಬಂದು, ಆರ್ ಬೆಲೆ ಮೈನಸ್ ಆದ ಕೂಡಲೇ ಎದುರು ದಿಕ್ಕಿಗೆ ಹಾರಿ ಕೆಳಗಿನ ಎಸಳು ಬರೆಯೋದನ್ನು ಕಣ್ಣಾರೆ ನೋಡಬಹುದು. ಥೀಟಾ ಪೈ ಮುಟ್ಟಿದಾಗ ಹೂವು ಪೂರ್ತಿ. ಪೈಯಿಂದ ಎರಡು ಪೈವರೆಗೆ ಅದೇ ಗೆರೆ ಮೇಲೆ ಮತ್ತೆ ಓಡುತ್ತದೆ, ಪರದೆಯಲ್ಲಿ ಹೊಸದೇನೂ ಬರುವುದಿಲ್ಲ, ಬಲಮೂಲೆಯ ಗೆರೆ ಮಾತ್ರ ಓಡುತ್ತಿರುತ್ತದೆ. "ಮೇಡಂ, ನಿಂತೋಯ್ತಾ?" ಅಂತ ಒಬ್ಬಳು ಕೇಳಿದಳು. ಆ ಪ್ರಶ್ನೆಯಿಂದಲೇ ಪೂರ್ತಿ ಪಾಠ ನಡೆಯಿತು. ಕ್ಷೇತ್ರಫಲ ಲೆಕ್ಕ ಹಾಕುವಾಗ ಮಿತಿ ಎರಡು ಪೈ ಅಂತ ಹಾಕಿ ಎರಡರಷ್ಟು ಉತ್ತರ ತರುವ ತಪ್ಪು ಪ್ರತಿ ವರ್ಷ ಅರ್ಧ ಕ್ಲಾಸ್ ಮಾಡುತ್ತದೆ. ಗೆರೆ ಎರಡನೇ ಸಲ ಓಡೋದನ್ನು ಕಂಡವರು ಮಾಡಲಿಲ್ಲ. ಹೂವಿಗೆ ನಿಧಾನ, ಇಂಟಿಗ್ರಲ್‌ಗೆ ಜೋರು. ಬರೀ ವೇಗ ಹೆಚ್ಚಿಸಿ ಕೂರಿಸಿದ್ದರೆ ನನಗೆ ಅರ್ಧ ಲಾಭ ಸಿಗುತ್ತಿತ್ತು.

ಸೆಲ್ ಬೇಗ ಖಾಲಿಯಾಗುತ್ತದಾ ಅಂತ ಎಲ್ಲರೂ ಕೇಳುತ್ತಾರೆ. ಓಡುವಾಗ ಕರೆಂಟ್ ಜಾಸ್ತಿ ಎಳೆಯೋದು ನಿಜ. ಈ ಥರದ ಚಿಪ್‌ಗಳಲ್ಲಿ ತಾಳ ಏರಿದಷ್ಟೇ ಖರ್ಚೂ ಏರುತ್ತದೆ. ಆದರೆ ಕೆಲಸ ಬೇಗ ಮುಗಿಯುತ್ತದಲ್ಲ, ಕೀ ಒತ್ತೋಕೆ ಕಾಯುವಾಗ ಪ್ರೊಸೆಸರ್ ಹೆಚ್ಚು ಹೊತ್ತು ಸುಮ್ಮನಿರುತ್ತದೆ. ಒಂದು ಲೆಕ್ಕಕ್ಕೆ ಆಗುವ ಒಟ್ಟು ಖರ್ಚು ಹೆಚ್ಚುಕಮ್ಮಿ ಅಷ್ಟೇ. ನನಗೆ ಸೆಲ್ ವಿಷಯದಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಆಟ ಆಡುವವರಿಗೆ ಕಾಣುತ್ತದೆ, ಆಟದಲ್ಲಿ ಪ್ರೊಸೆಸರ್‌ಗೆ ಬಿಡುವೇ ಇಲ್ಲ. ಮತ್ತೆ ಟೆಟ್ರಿಸ್ ಥರದ ಹಳೇ ಆಟಗಳು ತಾಳ ಎಣಿಸಿಯೇ ಓಡುವುದರಿಂದ ಒಂದೂವರೆ ಪಟ್ಟು ಜೋರಾಗಿ ಬೀಳುತ್ತವೆ. ಎರಡು ಕ್ಯಾಲ್ಕುಲೇಟರ್ ನಡುವೆ ವೈರ್ ಹಾಕಿ ಪ್ರೋಗ್ರಾಂ ಕಳಿಸುವಾಗ ಹಳೇ ವೇಗಕ್ಕೆ ಬನ್ನಿ. ಎದುರಿನವರಿಗೆ ಎಷ್ಟು ಹೊತ್ತು ಕಾಯಬೇಕು ಅನ್ನೋದನ್ನೂ ಇದು ಅದೇ ತಾಳದಲ್ಲಿ ಎಣಿಸುತ್ತದೆ, ಜೋರಿನಲ್ಲಿ ಇಟ್ಟರೆ ಕೆಲವೊಮ್ಮೆ ನಡುವೆಯೇ ಎರರ್ ಬರುತ್ತದೆ.

ಖರ್ಚು ಎಷ್ಟು ಅಂದರೆ ಕೂಲಿ 300 ರೂಪಾಯಿ, ಸ್ವಿಚ್ ಮತ್ತು ಕೆಪಾಸಿಟರ್ ಸೇರಿ 40. ಚೌಕಾಸಿ ಮಾಡಲಿಲ್ಲ, ಮಾಡುವ ಮನಸ್ಸೂ ಬರಲಿಲ್ಲ. ಕಣ್ಣು ಕೀಲಿಸಿಕೊಂಡು ಅಷ್ಟು ಸೂಕ್ಷ್ಮದ ಬೆಸುಗೆ ಹಾಕುವವರಿಗೆ ಇದು ಕಡಿಮೆಯೇ. ಹೊಸ ಗ್ರಾಫಿಂಗ್ ಕ್ಯಾಲ್ಕುಲೇಟರ್ ತರಿಸಬೇಕು ಅಂದರೆ ಸಾವಿರಗಟ್ಟಲೆ ಆಗುತ್ತದೆ. 2004ರಲ್ಲಿ ಬಂದ ಟಿಐ-84 ಪ್ಲಸ್‌ನಲ್ಲೇ 15 ಮೆಗಾಹರ್ಟ್ಸ್ ಇದೆ, 2015ರ ಟಿಐ-84 ಪ್ಲಸ್ ಸಿಇಯಲ್ಲಿ 48. ಅವು ಇದ್ದವರಿಗೆ ಈ ಕೆಲಸ ಬೇಡ. ಫೋನಿನಲ್ಲಿ ಜಿಯೋಜೀಬ್ರಾ ಅನ್ನೋ ಗಣಿತದ ಆ್ಯಪ್ ಪುಕ್ಕಟೆ ಇದೆ, ಕಣ್ಣು ಮಿಟುಕಿಸುವುದರೊಳಗೆ ಗ್ರಾಫ್ ಬರುತ್ತದೆ, ಉತ್ತರ ಮಾತ್ರ ಬೇಕಾದವರಿಗೆ ಅದೇ ಸಾಕು. ವಿದ್ಯಾರ್ಥಿಗಳು ಒಂದು ವಿಷಯ ಗಮನಿಸಿ: ಪ್ರೋಗ್ರಾಂ ಬರೆಯಬಹುದಾದ ಕ್ಯಾಲ್ಕುಲೇಟರ್ ಅನ್ನು ನಮ್ಮ ಕಡೆಯ ಪರೀಕ್ಷೆ ಹಾಲ್‌ಗೆ ಬಿಡುವುದಿಲ್ಲ, ಎಂಟೆಕ್ ಸೇರೋಕೆ ಬರೆಯುವ ಗೇಟ್ ಪರೀಕ್ಷೆಯಲ್ಲಂತೂ ಕಂಪ್ಯೂಟರ್ ಪರದೆ ಮೇಲಿನದನ್ನೇ ಬಳಸಬೇಕು. ಪರೀಕ್ಷೆಗೆ ಅಂತ ಇದಕ್ಕೆ ದುಡ್ಡು ಹಾಕಬೇಡಿ. ಕಲಿಯೋಕೆ, ಕಲಿಸೋಕೆ, ಬಿಚ್ಚಿ ನೋಡಿ ತಿಳಿಯೋಕೆ ಆದರೆ ಖಂಡಿತ ಹಾಕಿ. ಒಂದು ಪ್ರೊಸೆಸರ್‌ನ ತಾಳ ಎಲ್ಲಿಂದ ಬರುತ್ತದೆ ಅನ್ನೋದನ್ನು ಬೆರಳಿಟ್ಟು ತೋರಿಸಬಹುದಾದ ಯಂತ್ರ ಈಗ ಎಷ್ಟಿವೆ? ಫೋನಿನಲ್ಲಿ ತೋರಿಸೋಕೆ ಆಗುವುದಿಲ್ಲ. ಪಿಡಿಎ ಎಂಜಿನಿಯರಿಂಗ್ ಕಾಲೇಜಿನ ಎಲೆಕ್ಟ್ರಾನಿಕ್ಸ್ ಹುಡುಗರು ಇದನ್ನು ಒಮ್ಮೆ ಬಂದು ನೋಡಬೇಕು ಅನ್ನೋದು ನನ್ನ ಆಸೆ.

ಈಗ ಆ ಅರ್ಧ ಸ್ಟಾರ್. ಹೇಳಿದ ದಿನಕ್ಕೆ ಕೆಲಸ ಶುರುವಾಗಲಿಲ್ಲ. ಹೋದಾಗೆಲ್ಲ ಇನ್ವರ್ಟರ್ ಬೋರ್ಡ್‌ಗಳ ರಾಶಿ ಇತ್ತು, "ನಾಳಿ ಬರ್ರಿ ಮೇಡಂ" ಅಂತ ಮುಂದಕ್ಕೆ ಹೋಯಿತು. ಬೇಸಿಗೆಯಲ್ಲಿ ಆ ಗಲ್ಲಿಯಲ್ಲಿ ಕರೆಂಟ್ ಹೋದರೆ ಕೆಲಸವೂ ನಿಲ್ಲುತ್ತದೆ. ಒಂದು ಫೋನ್ ಮಾಡಿ ತಿಳಿಸಿದ್ದರೆ ಬಿಸಿಲಿನಲ್ಲಿ ಓಡಾಟ ತಪ್ಪುತ್ತಿತ್ತು. ಬಿಲ್ ಕೊಡುವುದಿಲ್ಲ, ಗ್ಯಾರಂಟಿ ಅಂತ ಬರೆದು ಕೊಡುವುದೂ ಇಲ್ಲ, ಬಾಯಿಮಾತು ಅಷ್ಟೇ. ಸ್ವಿಚ್‌ಗೆ ಕೊರೆದ ತೂತಿನ ಒಂದು ಅಂಚು ಸ್ವಲ್ಪ ಒರಟಾಗಿದೆ, ಬೆರಳಿಗೆ ತಾಗುತ್ತದೆ. ಸಣ್ಣ ಕಾನಸು ಹಿಡಿದು ಉಜ್ಜಿದ್ದರೆ ಮುಗಿಯುತ್ತಿತ್ತು. ಒಳಗಿನ ಕೆಲಸ ಅಷ್ಟು ಅಚ್ಚುಕಟ್ಟು ಇರುವಾಗ ಹೊರಗಿನದೂ ಹಾಗೇ ಇರಬೇಕಿತ್ತು.

ಹೋಗುವವರು ಬೆಳಿಗ್ಗೆ 11ರ ನಂತರ ಹೋಗಿ, ಅದಕ್ಕೂ ಮುಂಚೆ ಶಟರ್ ತೆಗೆಯುವುದಿಲ್ಲ. ಶುಕ್ರವಾರ ಮಧ್ಯಾಹ್ನ ನಮಾಜಿಗೆ ಮುಚ್ಚಿರುತ್ತದೆ, ನಾಲ್ಕರ ಮೇಲೆ ಮತ್ತೆ ತೆರೆಯುತ್ತಾರೆ. ಹೊಸ ಎಎಎ ಸೆಲ್ ನಾಲ್ಕು ನೀವೇ ಒಯ್ಯಿರಿ. ಮೂಲ ಕೆಪಾಸಿಟರ್ ಬಿಸಾಡದೆ ವಾಪಸ್ ಕೇಳಿ ಇಸಿದುಕೊಳ್ಳಿ. ನನ್ನದನ್ನು ಅವರು ಒಂದು ಸಣ್ಣ ಪ್ಲಾಸ್ಟಿಕ್ ಪುಡಿಕೆಯಲ್ಲಿ ಹಾಕಿ, ಸೆಲ್ ಇಡುವ ಮುಚ್ಚಳದ ಒಳಗೇ ಟೇಪ್ ಹಚ್ಚಿ ಕೊಟ್ಟಿದ್ದಾರೆ. ಟಿಐ-85 ಇದ್ದವರು ಅದನ್ನೂ ತೋರಿಸಬಹುದು, ಅದಕ್ಕೂ ಇದೇ ಥರ ಮಾಡೋಕೆ ಬರುತ್ತದೆ ಅಂತ ಉಸ್ತಾದ್‌ಗೆ ಹೇಳಿದ್ದೇನೆ, ತಂದ್ರ ನೋಡೋಣ್ರಿ ಅಂದಿದ್ದಾರೆ.